ಸೋದರಮಾವ ಕೂತ ಕುರ್ಚಿ

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಕೂರುವ ಮುಂಚೆ ಒಂದು ಮಾತು ಕೇಳಿಯೇ ಕೂರಬೇಕು: "ಇಲ್ಲಿ ಯಾರು ಕೂತಿದ್ರು?" ಕೇಳದೆ ಕೂತರೆ ಆಮೇಲೆ ಆಗುವುದಕ್ಕೆ ನೀವೇ ಹೊಣೆ. ಸಿಟ್ಟಿನಲ್ಲಿ ಕೂತು ಎದ್ದವರ ಜಾಗದಲ್ಲಿ ಕೂತರೆ ನಿಮಗೂ ಮೂಗಿನ ತುದಿಗೆ ಸಿಟ್ಟು ಬರುತ್ತದೆ, ಅತ್ತು ಎದ್ದವರ ಜಾಗದಲ್ಲಿ ಕೂತರೆ ಕಣ್ಣು ತುಂಬುತ್ತದೆ. ಕುರ್ಚಿಯಾಗಲಿ, ಬೆಂಚಾಗಲಿ, ಬಸ್ಸಿನ ಸೀಟಾಗಲಿ, ಕೂತವರ ಮನಸ್ಸು ಅದರಲ್ಲಿ ಉಳಿಯುತ್ತದೆ, ಅಷ್ಟೇ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿನವರು ಹೇಗೆ ಬದುಕುತ್ತಾರೋ, ಒಬ್ಬರ ಮನಸ್ಸು ಇನ್ನೊಬ್ಬರಿಗೆ ಹೇಗೆ ಗೊತ್ತಾಗುತ್ತದೋ, ನನಗಂತೂ ತಿಳಿಯದು.

ನನ್ನ ಹೆಸರು ಚೆನ್ನಾಜಿ. ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದು ಶಾಮಿಯಾನ ಅಂಗಡಿ. ಪಾತ್ರೆ, ಟೇಬಲ್ಲು, ಮೈಕು ಎಲ್ಲ ಬಾಡಿಗೆಗೆ ಕೊಡುತ್ತೇವೆ, ಆದರೆ ನಮಗೆ ಹೆಸರು ಬಂದಿರುವುದು ಕುರ್ಚಿಯಿಂದ. ಗಂಡ ರುದ್ರಮುನಿ ಪೆಂಡಾಲ್ ಹಾಕಿಸುವುದನ್ನು ನೋಡಿಕೊಂಡರೆ ಕುರ್ಚಿಗಳ ಜವಾಬ್ದಾರಿ ನನ್ನದು. ಮದುವೆ ಕುರ್ಚಿಗಳಿಗೆ ಒಂದು ಕೋಣೆ, ಸಾವಿನ ಮನೆಯ ಕುರ್ಚಿಗಳಿಗೆ ಇನ್ನೊಂದು. ವಾಪಸ್ ಬಂದವನ್ನು ಹಪ್ಪಳ ಒಣಗಿಸಿದ ಹಾಗೆ ಹಿತ್ತಲಿನಲ್ಲಿ ಬಿಸಿಲಿಗೆ ಹಾಕುತ್ತೇನೆ. ಸಣ್ಣಪುಟ್ಟ ಬೇಜಾರು ಒಂದು ಮಧ್ಯಾಹ್ನದ ಬಿಸಿಲಿಗೆ ಹೋಗುತ್ತದೆ. ದಾಯಾದಿ ಜಗಳದ ಕುರ್ಚಿಗಳಾದರೆ ಎಷ್ಟು ಬಿಸಿಲು ಬಿದ್ದರೂ ಅಷ್ಟಕ್ಕಷ್ಟೆ. ಒಮ್ಮೆ ನನ್ನ ಗಂಡ ಅವಸರದಲ್ಲಿ ಸಾವಿನ ಮನೆಯ ಕುರ್ಚಿಗಳನ್ನು ಒಂದು ನಿಶ್ಚಿತಾರ್ಥಕ್ಕೆ ಇಳಿಸಿ ಬಂದುಬಿಟ್ಟಿದ್ದ. ಗಂಡಿನ ಕಡೆಯವರೆಲ್ಲ ಹೋಳಿಗೆ ಮುಂದಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಇಷ್ಟು ಮೆತ್ತನೆ ಮನಸ್ಸಿನ ಬೀಗರು ಸಿಕ್ಕಿದರಲ್ಲ ಎಂದು ಹೆಣ್ಣಿನ ಅಪ್ಪ ಹಿಗ್ಗಿ ಹೀರೇಕಾಯಿಯಾದ. ನಾವು ಬಾಯಿ ಬಿಡಲಿಲ್ಲ.

ಇಂಥ ಊರಿನಲ್ಲಿ ಯಾರೂ "ನನಗೆ ಬೇಜಾರಾಗಿದೆ" ಅನ್ನುವುದಿಲ್ಲ. "ಎಲ್ಲೋ ಕೂತು ಬಂದಿದೀನಿ" ಅನ್ನುತ್ತಾರೆ. ಗಂಡ ಹೆಂಡತಿ ಕಿತ್ತಾಡಿದರೆ ಅತ್ತೆ ಬಂದು ಮನೆಯ ಕುರ್ಚಿ ಬದಲಾಯಿಸುತ್ತಾಳೆ. ಮಕ್ಕಳು ಗಣಿತದಲ್ಲಿ ಫೇಲಾದರೆ ಮೇಷ್ಟ್ರು ಬೆಂಚು ಬದಲಾಯಿಸುತ್ತಾರೆ. ಮನಸ್ಸಿಗೆ ಏನೇ ಬಂದರೂ ಅದು ಕೆಳಗಿನಿಂದ, ಕೂತ ಜಾಗದಿಂದ ಬಂತು ಎಂದು ನಾವು ಹುಟ್ಟಿದಾಗಿನಿಂದ ನಂಬಿದವರು. ಕುರ್ಚಿಯೇ ಕಸುಬಾದ ನನಗಂತೂ ಆ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಅನ್ನುವ ಜಂಬವೂ ಇತ್ತು.

ನನ್ನ ಅಣ್ಣ ಹಾಲೇಶ ಟೌನ್ ಬಸ್ಸಿನ ಡ್ರೈವರು. ಎಮ್ಮೆ ಅಡ್ಡ ಬಂದರೆ ಹಾರ್ನ್ ಹೊಡೆಯದೆ ಅದು ದಾಟುವ ತನಕ ಕಾಯುವಂಥ ಮನುಷ್ಯ. ಒಂದು ಬೆಳಿಗ್ಗೆ ಹೊಳೆಯ ಸೇತುವೆಯ ಮೇಲೆ, ತುಂಬಿದ ಬಸ್ಸಿನಲ್ಲಿ, ಇದ್ದಕ್ಕಿದ್ದಂತೆ ಅವನ ಎದೆ ಹೊಡೆದುಕೊಳ್ಳತೊಡಗಿತು. ಉಸಿರು ಕಟ್ಟಿತು, ಅಂಗೈ ಬೆವೆತು ಸ್ಟೇರಿಂಗು ಜಾರಿತು, ಈಗಲೇ ಸತ್ತೆ ಅನ್ನಿಸಿತು. ಹೇಗೋ ಸೇತುವೆ ದಾಟಿಸಿ, ಬಸ್ಸನ್ನು ಪಕ್ಕಕ್ಕೆ ಹಾಕಿ ಕೆಳಗೆ ಹಾರಿದ. ಕಾಲು ನೆಲಕ್ಕೆ ತಾಗಿದ ಮೇಲೆಯೇ ಹೋದ ಜೀವ ಬಂದಂತಾಯಿತಂತೆ. ಏನಾಯಿತೆಂದು ನೋಡಲು ಕಂಡಕ್ಟರು ಡ್ರೈವರ್ ಸೀಟಿನಲ್ಲಿ ಕೂತ. ಕೂತವನು ಕಾದ ಹೆಂಚಿನ ಮೇಲೆ ಕೂತವನಂತೆ ಎದ್ದು ಹೊರಗೆ ಓಡಿದ. ಸೀಟು ಕೆಟ್ಟಿದೆ ಎಂದು ಅಲ್ಲಿಗೆ ಎಲ್ಲರಿಗೂ ಖಾತ್ರಿಯಾಯಿತು.

ಡಿಪೋದವರು ಸೀಟು ಬದಲಾಯಿಸಿದರು. ಕೆಲವು ದಿನ ಸುಮ್ಮನಿತ್ತು. ಆಮೇಲೆ ಅದೇ ಸೇತುವೆಯ ಮೇಲೆ ಮತ್ತೆ ಬಂತು, ಅಣ್ಣ ಮತ್ತೆ ಹಾರಿದ, ಆ ಸೀಟೂ ಕೆಟ್ಟಿತು. ಇನ್ನೊಂದು ಸೀಟು ಹಾಕಿದರು. ಅದೂ ಹಾಗೆಯೇ ಆಯಿತು. ಕಿತ್ತುಹಾಕಿದ ಸೀಟುಗಳೆಲ್ಲ ನನ್ನ ಹಿತ್ತಲಿಗೆ ಬಂದು ಬಿದ್ದವು. ನಾನು ಬಿಸಿಲಿಗೆ ಹಾಕಿದ್ದೇ ಹಾಕಿದ್ದು, ತಿರುವಿದ್ದೇ ತಿರುವಿದ್ದು, ಒಂದೂ ಸರಿಯಾಗಲಿಲ್ಲ. ಅಣ್ಣನ ರಜೆಯ ದಿನ ಬಸ್ಸು ಓಡಿಸುತ್ತಿದ್ದ ಸಿದ್ಧಲಿಂಗು ಅನ್ನುವ ಪಾಪದ ಮನುಷ್ಯನ ಮೇಲೆ ಎಲ್ಲರಿಗೂ ಅನುಮಾನ ಬಂತು. ಅವನೊಳಗೆ ಏನೋ ಇದೆ, ಅದನ್ನು ಸೀಟಿನಲ್ಲಿ ಬಿಟ್ಟು ಹೋಗುತ್ತಾನೆ ಎಂದರು. ಅವನು ಕಂಡಕಂಡವರ ಮುಂದೆಲ್ಲ ಆಣೆ ಇಟ್ಟು ಸುಸ್ತಾದ.

ಕೊನೆಗೆ ಅದು ಮನೆಗೂ ಬಂತು. ಸೋಫಾದ ಮೇಲೆ ಕೂತಾಗ ಬಂತು, ಕಟಿಂಗ್ ಶಾಪಿನ ಕುರ್ಚಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡಾಗ ಬಂತು. ಒಂದು ದಿನ ಊಟಕ್ಕೆ ನೆಲದ ಮೇಲೆ ಕೂತಾಗಲೂ ಬಂತು. ನೆಲಕ್ಕೆ ಯಾರ ಮನಸ್ಸೂ ಅಂಟುವುದಿಲ್ಲ ಅನ್ನುವುದು ನಮ್ಮಲ್ಲಿ ಕೂಸಿಗೂ ಗೊತ್ತಿರುವ ವಿಷಯ. ಆದರೂ ನಮಗ್ಯಾರಿಗೂ ಏನೂ ಹೊಳೆಯಲಿಲ್ಲ. ಹಾಸಿದ್ದ ಚಾಪೆಯ ಮೇಲೆ ಅನುಮಾನಪಟ್ಟು ಅದನ್ನು ಒಲೆಗೆ ಹಾಕಿದೆವು.

ಅಣ್ಣ ಕೂರುವುದನ್ನೇ ಬಿಟ್ಟ. ಡಿಪೋದವರು ದೊಡ್ಡ ಮನಸ್ಸು ಮಾಡಿ ಅವನಿಗೆ ಗೇಟಿನ ಬಳಿ ನಿಂತು ಬಸ್ಸುಗಳನ್ನು ಒಳಬಿಡುವ ಕೆಲಸ ಕೊಟ್ಟರು. ಇಡೀ ದಿನ ಅಲ್ಲಿ ನಿಲ್ಲುವುದು, ಮನೆಗೆ ಬಂದರೆ ಕಂಬಕ್ಕೆ ಒರಗಿ ನಿಲ್ಲುವುದು. ಅತ್ತಿಗೆ ಸರ್ವಮಂಗಳ ನನ್ನ ಮುಂದೆ ಕಣ್ಣೊರೆಸಿಕೊಂಡಳು. "ನಿಂತೇ ಉಣ್ತಾರೆ, ನಿಂತೇ ಪೇಪರ್ ಓದ್ತಾರೆ. ಮಲಗೋದಾದ್ರೂ ಮಲಗ್ತಾರಲ್ಲ ಅಂತ ಸುಮ್ನಿದೀನಿ ಚೆನ್ನಿ. ಕಾಲು ನೋಡಿದೀಯಾ, ಹೆಂಗ್ ಊದ್ಕೊಂಡಿದಾವೆ? ಬಸ್ಸು ಬಿಟ್ರೆ ಇವರಿಗೆ ಬೇರೇನು ಗೊತ್ತು?" ನಾನು ಅವಳಿಗೆ ಧೈರ್ಯ ಹೇಳಿದೆ. ಹೇಳಿದ ಧೈರ್ಯ ನನಗೇ ಇರಲಿಲ್ಲ.

ಆ ಹೊತ್ತಿಗೆ ನನ್ನ ಮಗಳು ಮುಕ್ತಾಳ ಕಿವಿ ಚುಚ್ಚಿಸುವ ಸಮಯ ಬಂತು. ನಮ್ಮಲ್ಲಿ ಕೂಸನ್ನು ಸೋದರಮಾವನೇ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ನನಗಿರುವವನು ಒಬ್ಬನೇ ಅಣ್ಣ. ಹೋಗಿ ಕರೆದೆ. ಅವನು ಕಂಬಕ್ಕೆ ಒರಗಿಕೊಂಡು, ನನ್ನ ಕಂಕುಳಲ್ಲಿದ್ದ ಮುಕ್ತಾಳನ್ನು ನೋಡಿದನೇ ಹೊರತು ಕೈ ಚಾಚಲಿಲ್ಲ. "ನನ್ನ ತೊಡೆನೂ ಕೂರೋ ಜಾಗನೇ ಅಲ್ವೇನೆ ಚೆನ್ನಿ. ಇದು ಈ ಕೂಸಿಗೆ ಹತ್ತಿಕೊಂಡ್ರೆ?" ಅಂದ. "ಹತ್ತಿಕೊಳ್ಳೋಕೆ ನಿನ್ನೊಳಗೆ ಏನೈತೆ? ಎಲ್ಲ ಆ ದರಿದ್ರ ಸೀಟಿಂದು" ಅಂದೆ. "ಸೀಟು ಬದಲಾಯಿಸಿದ್ರೂ ಯಾಕೆ ಬರ್ತೈತೆ ಹಂಗಾದ್ರೆ?" ಅಂದ. ಉತ್ತರ ಇಲ್ಲದಾಗ ನನಗೆ ಸಿಟ್ಟು ಬರುತ್ತದೆ. ಇಷ್ಟು ದೊಡ್ಡ ಗಂಡಸಾಗಿ ಕುರ್ಚಿಗೆ ಹೆದರ್ತೀಯಲ್ಲ, ಸ್ವಲ್ಪ ಗಟ್ಟಿ ಮನಸ್ಸು ಮಾಡು ಎಂದು ರೇಗಿ ಬಂದುಬಿಟ್ಟೆ. ಬರುವಾಗ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

ಮನೆಗೆ ಬಂದವಳು ಒಂದು ತೀರ್ಮಾನ ಮಾಡಿದೆ. ನಮ್ಮ ಅಂಗಡಿಯಲ್ಲಿ ಬಾಡಿಗೆಗೆ ಕೊಡದ ಕುರ್ಚಿ ಒಂದಿತ್ತು. ಅದು ಗುರುಬಸವ್ವಜ್ಜಿಯದು. ಹಲ್ಲಿಲ್ಲದ ಆ ಮುದುಕಿ ತನ್ನ ವಯಸ್ಸಾದ ಕಾಲವನ್ನೆಲ್ಲ ಅದರಲ್ಲಿ ಕೂತು, ದಾರಿಯಲ್ಲಿ ಹೋಗಿ ಬರುವವರನ್ನು ರೇಗಿಸುತ್ತ ನಕ್ಕು ನಕ್ಕು ಕಳೆದಿದ್ದಳು. ಅದರಲ್ಲಿ ಕೂತವರಿಗೆ ಕಾರಣವಿಲ್ಲದೆ ನಗು ಉಕ್ಕುತ್ತಿತ್ತು. ಬಾಣಂತಿಯರು, ಕೆಲಸ ಕಳೆದುಕೊಂಡವರು, ಯಾರ್ಯಾರೋ ಬಂದು ಒಂದು ಗಳಿಗೆ ಕೂತು ಹೋಗುತ್ತಿದ್ದರು. ಅದನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಅಣ್ಣನ ಮನೆಗೆ ಒಯ್ದೆ. ಅಣ್ಣ ಹೆದರುತ್ತಲೇ ಕೂತ. ಅವನ ಮುಖ ಸಡಿಲವಾಯಿತು, ತುಟಿಯ ಅಂಚಿನಲ್ಲಿ ನಗು ಬಂತು. ನನಗೆ ಸ್ವರ್ಗವೇ ಸಿಕ್ಕಿತು. ಅಷ್ಟರಲ್ಲಿ ಅವನ ಕುತ್ತಿಗೆಯ ನರ ಬಿಗಿಯಿತು, ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟ. ಅಜ್ಜಿಯ ಕುರ್ಚಿಯಲ್ಲಿ ನಾನು ಕೂತು ನೋಡಿದೆ. ನಗುವಿನ ಸುಳಿವೂ ಇರಲಿಲ್ಲ. ಎದೆಯೊಳಗೆ ಏನೋ ನುಗ್ಗಿ ಬಂದಂತಾಗಿ ನಾನೂ ಎದ್ದುಬಿಟ್ಟೆ. ಕುರ್ಚಿ ವಾಪಸ್ ತಂದು ಹಿತ್ತಲಿನ ಬಿಸಿಲಿನಲ್ಲಿಟ್ಟು, ಅದರ ಪಕ್ಕ ನಿಂತು ಅತ್ತೆ.

ಕಾಲೇಜಿಗೆ ಹೊಸದಾಗಿ ಬಂದಿದ್ದ ಶಾಹಿದಾ ಮೇಡಂ ನಮ್ಮ ಅಂಗಡಿಗೆ ಬಂದದ್ದು ಆಮೇಲೆ. ಸೈಕಾಲಜಿ ಪಾಠ ಹೇಳುತ್ತಾರೆ. ಬೇರೆ ಊರಿನವರು, ನಮ್ಮ ರೀತಿ ರಿವಾಜು ಇನ್ನೂ ಮೈಗೂಡಿರಲಿಲ್ಲ. ಕಾಲೇಜಿನ ಸಮಾರಂಭಕ್ಕೆ ಕುರ್ಚಿ ಆರಿಸಲು ಹಿತ್ತಲಿಗೆ ಬಂದವರು, ಯಾರು ಕೂತಿದ್ದರೆಂದು ಕೇಳದೆ, ಬಿಸಿಲಿನಲ್ಲಿ ನಡೆದು ಬಂದ ಸುಸ್ತಿಗೆ ಗುರುಬಸವ್ವಜ್ಜಿಯ ಕುರ್ಚಿಯಲ್ಲೇ ಕೂತುಬಿಟ್ಟರು. ನಾನು "ಅಯ್ಯೋ ಮೇಡಂ, ಏಳಿ, ಏಳಿ" ಅನ್ನುವಷ್ಟರಲ್ಲಿ ಅವರ ಮುಖ ಬಿಳುಚಿಕೊಂಡಿತ್ತು. ನಾನು ರಟ್ಟೆ ಹಿಡಿದು ಎಬ್ಬಿಸಲು ಹೋದರೆ ಕೈ ಸನ್ನೆ ಮಾಡಿ ತಡೆದರು. "ಒಂದ್ ನಿಮಿಷ ಬಿಡಿ" ಅಂದರು. ಹಣೆಯ ಮೇಲೆ ಬೆವರು ಮೂಡಿತು. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತೇ ಇದ್ದರು. ನಮ್ಮ ಊರಿನಲ್ಲಿ ಕೆಟ್ಟ ಕುರ್ಚಿಯಲ್ಲಿ ಬೇಕೆಂದೇ ಕೂತ ಮನುಷ್ಯರನ್ನು ನಾನು ಕಂಡಿದ್ದೇ ಇಲ್ಲ. ಇವರಿಗೆ ಏನಾದರೂ ಆದರೆ ಕಾಲೇಜಿನವರಿಗೆ ಏನು ಹೇಳಲಿ ಎಂದು ನಾನು ಕೈ ಕೈ ಹಿಸುಕಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಮೇಡಂ ಮುಖಕ್ಕೆ ಬಣ್ಣ ಬಂತು. ನೀರು ಕೇಳಿ ಕುಡಿದರು. ಆಮೇಲೆ, "ಇದರಲ್ಲಿ ಕೂತಿದ್ದವರು ಅರ್ಧಕ್ಕೇ ಎದ್ದುಬಿಟ್ಟಿದಾರಲ್ಲ" ಅಂದರು.

ನನಗೆ ಅರ್ಥವಾಗಲಿಲ್ಲ. "ಇದರಲ್ಲಿ ಭಯ ಏರೋದು ಮಾತ್ರ ಇದೆ, ಇಳಿಯೋದು ಇಲ್ಲ" ಎಂದು ಮೇಡಂ ಬಿಡಿಸಿ ಹೇಳಿದರು. "ತುತ್ತ ತುದಿಗೆ ಹೋದಾಗ ಎದ್ದು ಓಡಿದಾರೆ. ಕುರ್ಚೀಲಿ ಉಳಿದಿರೋದು ಅಷ್ಟೇ. ಇಳಿದಿದ್ದು ನಂದು, ಅವರದಲ್ಲ." ನಾನು ಅಣ್ಣನ ಕಥೆಯನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ನಮ್ಮ ತಲೆಯಲ್ಲಿ, ಮಿದುಳಿನ ಒಳಗೆ, ಬಾದಾಮಿಯಷ್ಟು ಚಿಕ್ಕದೊಂದು ಭಾಗ ಇದೆ ಎಂದರು. "ಹಾವು ಕಂಡ್ರೆ, ಲಾರಿ ಮೈಮೇಲೆ ಬಂದ್ರೆ ಗಂಟೆ ಹೊಡೆದು ಎಬ್ಬಿಸೋದರಲ್ಲಿ ಅದರ ಪಾಲು ದೊಡ್ಡದು. ಒಮ್ಮೊಮ್ಮೆ ಹಾವಿಲ್ಲದಿದ್ರೂ ಗಂಟೆ ಹೊಡೆಯುತ್ತೆ. ಎದೆ ಬಡ್ಕೊಳ್ಳುತ್ತೆ, ಉಸಿರು ಸಾಲಲ್ಲ, ಸಾಯ್ತೀನಿ ಅನ್ಸುತ್ತೆ. ಆದ್ರೆ ಆ ಗಂಟೆ ತಾನೇ ದಣಿದು ನಿಲ್ಲುತ್ತೆ. ಅದು ನಿಲ್ಲೋದನ್ನ ನಿಮ್ಮಣ್ಣ ಒಂದು ಸಲವೂ ನೋಡಿಲ್ಲ. ಅದಕ್ಕಿಂತ ಮುಂಚೆನೇ ಹಾರ್ತಾರೆ. ಹಾರಿದ್ದಕ್ಕೇ ಬದುಕಿಕೊಂಡೆ ಅಂತ ಮಿದುಳು ಕಲಿತುಬಿಡುತ್ತೆ. ಮುಂದಿನ ಸಲ ಇನ್ನೂ ಬೇಗ ಹೊಡೆಯುತ್ತೆ."

"ಹಂಗಾದ್ರೆ ಇದು ಸೀಟಿಂದಲ್ವ?" ಅಂದೆ. "ಅಲ್ಲ. ನಿಮ್ಮಣ್ಣಂದು" ಅಂದರು. ನನಗೆ ರಕ್ತ ಕುದಿಯಿತು. ನಿನ್ನ ಮನಸ್ಸಿನಲ್ಲಿರುವುದು ನಿನ್ನದೇ ಎಂದು ನಮ್ಮೂರಿನಲ್ಲಿ ಯಾರಿಗಾದರೂ ಹೇಳಿದರೆ ಅದು ಬೈಗುಳಕ್ಕಿಂತ ಕಡಿಮೆಯಲ್ಲ. ನಮ್ಮ ಅಣ್ಣ ಅಂಥವನಲ್ಲ ಎಂದೆ. ಅವರು ನಗಲಿಲ್ಲ, ವಾದಕ್ಕೂ ನಿಲ್ಲಲಿಲ್ಲ. "ಜ್ವರ ಬಂದ್ರೆ ಅದು ಅವರ ಮೈಗೇ ತಾನೇ ಬಂದಿರೋದು? ಅದರಲ್ಲಿ ಮಾನ ಹೋಗೋದು ಏನಿದೆ? ಅವರದ್ದು ಅಂತಾದ್ರೆ ವಾಸಿ ಮಾಡಬಹುದು. ಸೀಟಿಂದು ಅಂತಾದ್ರೆ ಸೀಟು ಬದಲಾಯಿಸ್ತಾ ಕೂರಬೇಕು" ಅಂದರು. ಆ ಮಾತು ನನ್ನ ತಲೆಯೊಳಗೆ ಹುಳ ಬಿಟ್ಟಂತಾಯಿತು. "ಪಾಠ ಹೇಳೋಳು ನಾನು, ಡಾಕ್ಟರಲ್ಲ, ಮೊದಲು ಎದೆ ಪರೀಕ್ಷೆ ಮಾಡಿಸಿ, ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಮನೋವೈದ್ಯರನ್ನ ಕಾಣಿ" ಎಂದು ಹೇಳಿ ಅವರು ಹೊರಟರು.

ಅಣ್ಣನನ್ನು ಒಪ್ಪಿಸಲು ಅತ್ತಿಗೆ ಮತ್ತು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ದೊಡ್ಡಾಸ್ಪತ್ರೆಯ ತನಕ ಬಸ್ಸಿನಲ್ಲಿ ನಿಂತೇ ಬಂದ. ಎದೆಯ ಪರೀಕ್ಷೆಯಲ್ಲಿ ಏನೂ ತೊಂದರೆ ಇಲ್ಲವೆಂದರು. ಮನೋವೈದ್ಯರು ಅವನನ್ನು ನಿಲ್ಲಿಸಿಯೇ ಮಾತಾಡಿಸಿದರು, ತಾವೂ ಕುರ್ಚಿ ಬಿಟ್ಟು ಎದ್ದು ನಿಂತರು. ಅದು ನನಗೆ ಬಹಳ ಹಿಡಿಸಿತು. ಇದಕ್ಕೆ ಪ್ಯಾನಿಕ್ ಅನ್ನುತ್ತಾರೆ, ಬಹಳ ಜನಕ್ಕೆ ಬರುತ್ತದೆ, ಹೋಗುತ್ತದೆ ಎಂದರು. ಬಹಳ ಜನಕ್ಕೆ ಬರುತ್ತದೆ ಅನ್ನುವ ಮಾತಿಗೇ ಅಣ್ಣನ ಭುಜ ಸ್ವಲ್ಪ ಕೆಳಗಿಳಿಯಿತು. ಮಾತ್ರೆ ಬರೆದುಕೊಟ್ಟರು. ಮಾತ್ರೆಯ ಜೊತೆಗೆ ಕೂರುವುದನ್ನೂ ಅಭ್ಯಾಸ ಮಾಡಬೇಕು, ಬಂದದ್ದು ಪೂರ್ತಿ ಇಳಿಯುವ ತನಕ ಏಳಬಾರದು, ಪಕ್ಕದಲ್ಲಿ ಯಾರಾದರೂ ಇರಲಿ ಎಂದರು. ಊರಿಗೆ ಬಂದು ಹೇಳಿದಾಗ, ಪಕ್ಕದಲ್ಲಿ ತಾವಿರುವುದಾಗಿ ಶಾಹಿದಾ ಮೇಡಂ ತಾವಾಗಿಯೇ ಒಪ್ಪಿಕೊಂಡರು.

ಸಂಜೆ ಕಾಲೇಜು ಬಿಟ್ಟ ಮೇಲೆ ಮೇಡಂ ಬರುತ್ತಿದ್ದರು, ಡಿಪೋದಿಂದ ಅಣ್ಣ ಬರುತ್ತಿದ್ದ. ನಮ್ಮ ಹಿತ್ತಲಿನಲ್ಲಿ ಚೆನ್ನಾಗಿ ಬಿಸಿಲು ಕುಡಿದ ಸಾದಾ ಕಬ್ಬಿಣದ ಕುರ್ಚಿಗಳನ್ನು ನಾನೇ ಎತ್ತಿಡುತ್ತಿದ್ದೆ. ಮೊದಮೊದಲು ಕುರ್ಚಿಯ ಬೆನ್ನು ಹಿಡಿದು ನಿಲ್ಲುವುದೇ ಆಯಿತು. ಆಮೇಲೆ ತುದಿಯಲ್ಲಿ ಕೂತ, ಹಾರಿದ. ಮತ್ತೆ ಕೂತ, ಮತ್ತೆ ಹಾರಿದ. ಒಂದೊಂದು ಸಲಕ್ಕೂ ಒಂದೊಂದು ಕುರ್ಚಿ ಕೆಡುತ್ತಿತ್ತು. ರುದ್ರಮುನಿ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತ, "ಹಿಂಗೇ ಆದ್ರೆ ಮುಂದಿನ ಮದುವೆಗೆ ಎಲ್ಲರನ್ನೂ ಜಮಖಾನದ ಮೇಲೆ ಕೂರಿಸಬೇಕಾಗ್ತದೆ" ಅಂದ. ನನಗೆ ತಡೆಯಲಾಗದೆ, "ಅಣ್ಣ, ಸ್ವಲ್ಪ ತಡ್ಕೋಬಾರದಾ, ಏನು ಹುಲಿ ಬಂದು ತಿಂತದಾ?" ಎಂದು ಗದರಿದೆ. ಮೇಡಂ ನನ್ನ ಕಡೆ ತಿರುಗಿ, "ಚೆನ್ನಾಜಿಯವರೇ, ಒಳ್ಳೆ ಟೀ ಮಾಡ್ಕೊಂಡು ಬನ್ನಿ. ನಿಧಾನಕ್ಕೆ ಮಾಡಿ" ಅಂದರು. ನನ್ನನ್ನು ಓಡಿಸುತ್ತಿದ್ದಾರೆ ಎಂದು ಗೊತ್ತಾಯಿತು, ಆದರೂ ಹೋದೆ.

ಟೀ ಹಿಡಿದು ಬಂದಾಗ ಅಣ್ಣ ಕೂತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಮೇಡಂ ಮೆಲ್ಲಗೆ, "ಓಡಿಸೋಕೆ ಹೋಗಬೇಡಿ, ಜಗ್ಗಾಡಬೇಡಿ. ಬಂದಿದೆ, ಇರಲಿ. ಎಲ್ಲಿ ತನಕ ಬರುತ್ತೋ ನೋಡೋಣ" ಅನ್ನುತ್ತಿದ್ದರು. ನಾನು ಟೀ ತಟ್ಟೆ ಹಿಡಿದು ಅಲ್ಲಿಯೇ ನಿಂತೆ. ಟೀ ಆರಿಹೋಯಿತು. ಅಣ್ಣ ಕಣ್ಣು ಬಿಟ್ಟು ನನ್ನನ್ನು ನೋಡಿ, "ಚೆನ್ನಿ, ಇಳೀತು ಕಣೇ" ಅಂದ. "ತಾನೇ ಇಳೀತು. ನಾನೇನೂ ಮಾಡ್ಲಿಲ್ಲ. ಸುಮ್ನೆ ಕೂತಿದ್ದೆ ಅಷ್ಟೇ." ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡರೆ, ಮರುದಿನ ಕೂತ ಕೂಡಲೇ ಹಾರಿದ. ಅದರ ಮರುದಿನ ಬರಲೇ ಇಲ್ಲ. ಹೀಗೆ ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಆಗುತ್ತ, ಬರಬರುತ್ತ ಇಳಿಯುವ ದಿನಗಳು ಹೆಚ್ಚಾದವು. ಭಯ ಬರುವುದು ನಿಂತಿರಲಿಲ್ಲ. ಬಂದರೂ ಕೂತಿರುವುದನ್ನು ಅವನು ಕಲಿಯುತ್ತಿದ್ದ.

ಒಂದು ಸಂಜೆ ಅವನೇ, "ಕಿವಿ ಚುಚ್ಚೋದು ಯಾವಾಗ ಇಟ್ಕೊಂಡೀರಿ?" ಎಂದು ಕೇಳಿದ. ನಾನು ಇನ್ನೆಲ್ಲಿ ಮನಸ್ಸು ಬದಲಾಯಿಸುತ್ತಾನೋ ಎಂದು ಮರುದಿನವೇ ಅಕ್ಕಸಾಲಿ ಮೌನೇಶಾಚಾರಿಗೆ ಹೇಳಿ ಕಳುಹಿಸಿದೆ.

ಆ ದಿನ ಬೆಳಿಗ್ಗೆ ಅಂಗಳದ ತುಂಬ ಜನ. ಕಿವಿ ಚುಚ್ಚುವುದಕ್ಕೆ ಇಷ್ಟು ಜನ ಯಾರೂ ಸೇರುವುದಿಲ್ಲ. ಹಾಲೇಶ ಕೂರುತ್ತಾನಂತೆ ಎಂದು ಸುದ್ದಿಯಾಗಿತ್ತು. ಡಿಪೋದವರು ಬಂದಿದ್ದರು, ಸಿದ್ಧಲಿಂಗು ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದ. ಮೇಡಂ ಗೋಡೆಯ ಪಕ್ಕ ನಿಂತಿದ್ದರು. "ಹಾಲು ಕುಡಿಯೋ ಕೂಸಿಗೆ ಇದನ್ನೆಲ್ಲ ಅಂಟಿಸ್ತಾರಲ್ಲ, ತಾಯಿಗಾದ್ರೂ ಬುದ್ಧಿ ಬೇಡ್ವಾ" ಎಂದು ಯಾರೋ ನನಗೆ ಕೇಳಿಸುವಂತೆಯೇ ಆಡಿಕೊಂಡರು. ನಿಜ ಹೇಳುತ್ತೇನೆ, ನನಗೂ ಆ ಅನುಮಾನ ಇತ್ತು. ಅಣ್ಣನ ಮೇಲಿನ ಪ್ರೀತಿ ಒಂದು ಕಡೆ, ಹೆತ್ತ ಕೂಸು ಒಂದು ಕಡೆ. ಯಾವ ಕುರ್ಚಿ ತರಲಿ ಎಂದು ಕೇಳಿದೆ. "ಯಾವುದಾದ್ರೂ ತಾರೆ" ಅಂದ. ಒಂದು ಹಳೆಯ ಕಬ್ಬಿಣದ ಕುರ್ಚಿ ತಂದಿಟ್ಟೆ. ಅವನು ಕೂತ. ನಾನು ಮುಕ್ತಾಳನ್ನು ಅವನ ತೊಡೆಯ ಮೇಲೆ ಇಟ್ಟೆ.

ಮೌನೇಶಾಚಾರಿ ಚಿನ್ನದ ತಂತಿ ಕೈಗೆ ತೆಗೆದುಕೊಂಡು ಹತ್ತಿರ ಬಂದ. ಆಗ ಬಂತು. ನನಗೆ ಅಣ್ಣನ ಕುತ್ತಿಗೆಯ ನರ ನೋಡಿಯೇ ಗೊತ್ತಾಯಿತು. ಅವನ ಕಿವಿಯ ಹಿಂದಿನಿಂದ ಬೆವರು ಇಳಿಯಿತು, ಮೂಗಿನ ಹೊಳ್ಳೆ ಅರಳಿತು. ಮರುಕ್ಷಣ ಮುಕ್ತಾಳ ಮುಖವೂ ಬದಲಾಯಿತು. ಕಣ್ಣು ಅಗಲವಾದವು, ಬೆರಳುಗಳು ಮಾವನ ಅಂಗಿಯನ್ನು ಗಟ್ಟಿಯಾಗಿ ಹಿಡಿದವು. ಅವಳು ಅಳಲಿಲ್ಲ, ಉಸಿರನ್ನೇ ಬಿಡಲಿಲ್ಲ. ಜನ ಗುಸುಗುಸು ಎಂದರು. ಅತ್ತಿಗೆ ನನ್ನ ತೋಳು ಹಿಡಿದು, "ಚೆನ್ನಿ, ಕೂಸನ್ನ ಎತ್ಕೊಂಡುಬಿಡು" ಅಂದಳು. ನಾನು ಆಗಲೇ ಕೈ ಚಾಚಿದ್ದೆ.

"ಎತ್ಬೇಡ" ಅಂದ ಅಣ್ಣ. ಹಲ್ಲು ಕಚ್ಚಿಕೊಂಡೇ ಮಾತಾಡುತ್ತಿದ್ದ. "ಬಂದಾಗೈತೆ ಅವಳಿಗೆ. ಈಗ ಎತ್ಕೊಂಡ್ರೆ ಅರ್ಧಕ್ಕೇ ಉಳೀತೈತೆ ಚೆನ್ನಿ. ನನಗೆ ಉಳಿದಂಗೆ ಅವಳಿಗೂ ಉಳೀತೈತೆ. ಇಳಿಸ್ತೀನಿ ಇರು."

ನಾನು ಮೇಡಂ ಮುಖ ನೋಡಿದೆ. ಅವರಿಗೂ ಗೊತ್ತಿರಲಿಲ್ಲ. ಇದು ಯಾವ ಪಾಠದಲ್ಲೂ ಇರುವಂಥದ್ದಲ್ಲ. ನನ್ನ ಕೂಸು ಹೆದರಿ ಬಾಯಿ ತೆರೆದಿದೆ, ನನ್ನ ಕೈ ಅದರ ಕಂಕುಳಿಗೆ ಎರಡು ಗೇಣು ದೂರದಲ್ಲಿದೆ. ತಾಯಿಯಾದವಳ ಕೈಯನ್ನು ಅಲ್ಲಿಂದ ವಾಪಸ್ ತರುವುದು ಎಷ್ಟು ಕಷ್ಟ ಎಂದು ತಾಯಂದಿರಿಗೆ ಹೇಳಬೇಕಾಗಿಲ್ಲ. ನಾನು ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಕಟ್ಟಿಕೊಂಡೆ.

"ಆಚಾರ್ರೇ, ಸ್ವಲ್ಪ ತಡೀರಿ" ಅಂದ ಅಣ್ಣ. ಆಮೇಲೆ ಮುಕ್ತಾಳ ಎರಡು ಕೈಗಳನ್ನೂ ತನ್ನ ಹೆಬ್ಬೆರಳುಗಳ ಮೇಲೆ ಇಟ್ಟುಕೊಂಡು, ಕಿವಿಯ ಹತ್ತಿರ ಬಾಗಿ ಬಸ್ಸಿನ ಸದ್ದು ಮಾಡತೊಡಗಿದ. "ಹೊರಟ್ವಿ ನೋಡವ್ವ. ಸೇತುವೆ ಏರು ಬಂತು. ಗಾಡಿ ಗುಡುಗುಡು ಅಂತೈತೆ, ಅನ್ನಲಿ. ಜನ ತುಂಬೈತೆ, ಇರಲಿ. ಗೇರು ಹಾಕಿದ್ವಿ. ಇನ್ನೂ ಏರು. ಇನ್ನೂ ಏರು." ಅವನ ದನಿ ನಡುಗುತ್ತಿತ್ತು, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಆದರೆ ಬಸ್ಸು ನಿಲ್ಲಲಿಲ್ಲ. ಸಿದ್ಧಲಿಂಗುವಿನ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. "ತುದಿಗೆ ಬಂದ್ವಿ ಮುಕ್ತವ್ವ. ಕೆಳಗೆ ಹೊಳೆ ಐತೆ, ಇರಲಿ, ಅದರ ಪಾಡಿಗೆ ಅದು ಹರೀತದೆ. ಈಗ ಇಳಿಜಾರು." ಅಣ್ಣನ ಭುಜ ಸಡಿಲವಾಯಿತು. "ಇಳಿಜಾರು ಬಂತು ನೋಡು." ಮುಕ್ತಾ ದೊಡ್ಡದೊಂದು ಉಸಿರು ಬಿಟ್ಟು, ತಲೆಯನ್ನು ಅವನ ಎದೆಗೆ ಆನಿಸಿ, ಹೆಬ್ಬೆರಳನ್ನು ಸ್ಟೇರಿಂಗಿನ ಹಾಗೆ ತಿರುಗಿಸಿದಳು.

ಕಿವಿ ಚುಚ್ಚಿದಾಗ ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಎಲ್ಲ ಕೂಸುಗಳೂ ಅಳುವ ಹಾಗೆಯೇ ಅತ್ತು, ಬೇಗನೆ ನಿಲ್ಲಿಸಿ, ಬೆಲ್ಲದ ತುಂಡು ಬಾಯಿಗಿಟ್ಟ ಮೇಲೆ ಮಾವನ ಮೀಸೆ ಹಿಡಿದಳು. ಅತ್ತಿಗೆ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಡಿಕೊಂಡವರು ಆಡಿದ್ದನ್ನು ಮರೆತವರಂತೆ ಕೂಸಿನ ಕೈಗೆ ಕಾಣಿಕೆ ಇಟ್ಟರು. ಎಲ್ಲರೂ ಊಟಕ್ಕೆಂದು ಒಳಗೆ ಹೋದರು. ಅಂಗಳದಲ್ಲಿ ಆ ಕುರ್ಚಿಯೊಂದೇ ಉಳಿಯಿತು.

ಅದನ್ನು ಎತ್ತಿ ಬಿಸಿಲಿಗೆ ಇಡಬೇಕಾದದ್ದು ನನ್ನ ಕೆಲಸ. ಹತ್ತಿರ ಹೋದವಳು ಎತ್ತಲಿಲ್ಲ. ಕೂತೆ. ಕೂತ ಕೂಡಲೇ ಬಂತು. ಎದೆ ಬಾಯಿಗೆ ಬಂದಂತಾಯಿತು, ಕಣ್ಣು ಕತ್ತಲಿಟ್ಟಿತು, ಸುತ್ತಲಿನ ಗೋಡೆಗಳು ಹತ್ತಿರ ಬಂದವು, ಎದ್ದು ಓಡು ಓಡು ಎಂದು ಮೈಯೆಲ್ಲ ಕೂಗಿತು. ಎರಡು ಕೈಯಲ್ಲೂ ಕುರ್ಚಿ ಹಿಡಿದುಕೊಂಡೆ. ಇದನ್ನು ಎದೆಯೊಳಗೆ ಇಟ್ಟುಕೊಂಡು ನನ್ನ ಅಣ್ಣ ತುಂಬಿದ ಬಸ್ಸನ್ನು ಸೇತುವೆ ದಾಟಿಸಿದ್ದ. ಜನರನ್ನು ಹೊಳೆಗೆ ಹಾಕದೆ, ಪಕ್ಕಕ್ಕೆ ನಿಲ್ಲಿಸಿ, ಆಮೇಲೆ ಹಾರಿದ್ದ. ಅಂಥವನಿಗೆ ನಾನು ಗಟ್ಟಿ ಮನಸ್ಸು ಮಾಡು ಎಂದಿದ್ದೆ. ನನಗೆ ದುಃಖ ಒತ್ತರಿಸಿ ಬಂತು. ಹಾಗೆಯೇ ಕೂತಿದ್ದೆ. ಭಯ ಏರಿತು, ಏರಿತು, ಇನ್ನು ಆಗುವುದಿಲ್ಲ ಅನ್ನುವ ಹೊತ್ತಿಗೆ ಹೆಜ್ಜೆ ತಪ್ಪಿದಂತಾಗಿ ಇಳಿಯಲು ಶುರುವಾಯಿತು. ಇಳಿಯುವುದೂ ಆ ಕುರ್ಚಿಯಲ್ಲಿತ್ತು, ಪೂರ್ತಿಯಾಗಿ ಇತ್ತು.

ಬಾಗಿಲಲ್ಲಿ ಅಣ್ಣ ಕಾಣಿಸಿಕೊಂಡ. ಎಲೆ ಹಾಕಿ ಆಗಿದೆ, ಎಲ್ಲರೂ ಕಾಯ್ತಿದಾರೆ, ಏಳು ಅಂದ. "ಇನ್ನೂ ಸ್ವಲ್ಪ ಐತೆ ಅಣ್ಣ, ಇಳೀಲಿ" ಅಂದೆ. ಅವನು ಗೋಡೆಗೆ ಒರಗಿಸಿದ್ದ ಕುರ್ಚಿಯೊಂದನ್ನು ಎಳೆದುಕೊಂಡು ಬಂದು, ನನ್ನ ಪಕ್ಕದಲ್ಲಿ ಹಾಕಿಕೊಂಡು ಕೂತ.